ಮಂಗೋಲರು ಕೋಟೆ ಒಡೆದದ್ದು ಸಿಡಿಮದ್ದಿನಿಂದಲೇ?

ಓದುಗರ ಪ್ರಶ್ನೆ: ಮಂಗೋಲರ ಬಗ್ಗೆ ಒಂದು ಟಿವಿ ಸರಣಿ ನೋಡುತ್ತಿದ್ದೆ. ಅದರಲ್ಲಿ ಚೆಂಗೀಸ್ ಖಾನನ ಸೈನಿಕರು ಸಾಲಾಗಿ ತೋಪು ನಿಲ್ಲಿಸಿ ಚೀನಾದ ಕೋಟೆಗೋಡೆ ಉರುಳಿಸುತ್ತಾರೆ. ಆ ಕಾಲಕ್ಕೆ ತೋಪು ಇತ್ತಾ? ಸಿಡಿಮದ್ದು ಕಂಡುಹಿಡಿದವರು ಚೀನಿಯರು ಅಂತ ಶಾಲೆಯಲ್ಲಿ ಓದಿದ್ದೇವೆ. ಅದನ್ನು ಕೈಯಲ್ಲಿಟ್ಟುಕೊಂಡೂ ಅವರು ಕುದುರೆ ಮೇಲೆ ಬಂದವರಿಗೆ ಯಾಕೆ ಸೋತರು? ಈ ಮದ್ದನ್ನು ಪಶ್ಚಿಮಕ್ಕೆ ಒಯ್ದವರೂ ಮಂಗೋಲರೇ ಅನ್ನುತ್ತಾರೆ, ನಿಜವೇ?

ಉತ್ತರ: ಮೊದಲು ತೋಪಿನ ವಿಷಯ ಮುಗಿಸಿಬಿಡೋಣ. ಗೋಡೆ ಉರುಳಿಸುವಂಥ ತೋಪು ಚೆಂಗೀಸ್ ಖಾನನ ಹತ್ತಿರ ಇರಲಿಲ್ಲ, ಅವನು ಮುತ್ತಿಗೆ ಹಾಕಿದ ಚೀನಿಯರ ಹತ್ತಿರವೂ ಇರಲಿಲ್ಲ. ಅವನು ಸತ್ತದ್ದು 1227ರಲ್ಲಿ. ಮೈಮೇಲೆ ಇಸವಿ ಕೆತ್ತಿರುವ, ಈವರೆಗೆ ಸಿಕ್ಕಿರುವ ಅತಿ ಹಳೆಯ ಕಂಚಿನ ಕೋವಿ 1298ರದ್ದು. ಚೆಂಗೀಸನ ಮೊಮ್ಮಗ ಕುಬ್ಲಾಯ್ ಖಾನನ ಬೇಸಿಗೆ ರಾಜಧಾನಿ ಶಾಂಗ್‌ದು ಸೀಮೆಯದು. ಅದರ ಉದ್ದ ಸುಮಾರು 35 ಸೆಂಟಿಮೀಟರ್, ತೂಕ 6 ಕಿಲೋ. ಅದರಿಂದ ಮನುಷ್ಯನನ್ನು ಕೊಲ್ಲಬಹುದು, ಕೋಟೆಗೋಡೆಗೆ ಏನೂ ಆಗುವುದಿಲ್ಲ.

ಹಾಗಂತ ಆ ಯುದ್ಧಗಳಲ್ಲಿ ಸಿಡಿಮದ್ದು ಇರಲಿಲ್ಲ ಅಂತ ಅಲ್ಲ. ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇತ್ತು. ಆದರೆ ಅದು ಹೆಚ್ಚಾಗಿ ಕೋಟೆಯ ಒಳಗೆ ಕೂತವರ ಆಯುಧ. ಗೋಡೆಯ ಹತ್ತಿರ ಬಂದ ಮನುಷ್ಯರನ್ನು ಕೊಲ್ಲುವುದು, ಅವರು ತಂದ ಮರದ ಯಂತ್ರಗಳನ್ನು ಸುಡುವುದು, ಅವರು ತೋಡಿದ ಗುಂಡಿಗಳನ್ನು ಸಿಡಿಸುವುದು, ಇಷ್ಟು ಅದರ ಕೆಲಸ. ಸರಣಿಯಲ್ಲಿ ತೋರಿಸಿದ್ದು ಸರಿಯಾಗಿ ತಲೆಕೆಳಗು.

ಇಲ್ಲಿ ಮೂರು ಪಕ್ಷಗಳಿವೆ, ಅದು ತಲೆಯಲ್ಲಿರಲಿ. ಚೀನಿಯರದೇ ಸಾಂಗ್ ರಾಜ್ಯ ಒಂದು. ಮಂಚೂರಿಯಾ ಕಡೆಯಿಂದ ಬಂದ ಜುರ್ಚೆನ್ನರ ಜಿನ್ ರಾಜ್ಯ ಇನ್ನೊಂದು. ಇವರು 1127ರಲ್ಲಿ ಸಾಂಗ್ ರಾಜಧಾನಿ ಕೈಫೆಂಗ್ ಹಿಡಿದು ಚೀನಾದ ಉತ್ತರ ಭಾಗವನ್ನೆಲ್ಲ ತಮ್ಮದು ಮಾಡಿಕೊಂಡರು. ಸಾಂಗ್ ದೊರೆಗಳು ದಕ್ಷಿಣಕ್ಕೆ ಸರಿದರು. ಇವರಿಬ್ಬರ ಮೇಲೆ ಮೂರನೆಯವರಾಗಿ ಬಿದ್ದವರು ಮಂಗೋಲರು. 1211ರಲ್ಲಿ ಜಿನ್ ಮೇಲೆ ಶುರು ಮಾಡಿ 1234ರಲ್ಲಿ ಅವರನ್ನು ಮುಗಿಸಿದರು. 1235ರಲ್ಲಿ ಸಾಂಗ್ ಮೇಲೆ ಬಿದ್ದು 1279ರಲ್ಲಿ ಅವರನ್ನೂ ಮುಗಿಸಿದರು. ಸಿಡಿಮದ್ದಿನ ಕತೆ ನಡೆಯುವುದು ಈ ಮೂವರ ನಡುವೆ. ಒಬ್ಬರು ಕಂಡುಹಿಡಿದದ್ದನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಾರೆ, ಮೂರನೆಯವರು ಮಾಡುವವರನ್ನೇ ಎತ್ತಿಕೊಂಡು ಹೋಗುತ್ತಾರೆ.

ಮದ್ದು ಹುಟ್ಟಿದ್ದು ಯುದ್ಧಕ್ಕಲ್ಲ. ಸಾಯದೆ ಬದುಕುವ ಔಷಧಿ ಹುಡುಕುತ್ತಿದ್ದ ದಾವ್ ಪಂಥದ ರಸವಾದಿಗಳ ಒಲೆಯ ಮೇಲೆ ಅದು ಹುಟ್ಟಿತು. 9ನೇ ಶತಮಾನದ ಒಂದು ರಸವಾದದ ಬರಹದಲ್ಲಿ ಎಚ್ಚರಿಕೆ ಇದೆ: ಕೆಲವರು ಗಂಧಕ, ಪೆಟ್ಲುಪ್ಪು ಮತ್ತಿತರ ಪದಾರ್ಥಗಳನ್ನು ಜೇನಿನ ಜೊತೆ ಕಾಯಿಸಲು ಹೋಗಿ ಕೈ, ಮುಖ ಸುಟ್ಟುಕೊಂಡರು, ಮನೆಯೂ ಸುಟ್ಟುಹೋಯಿತು. ಚಿರಂಜೀವಿ ಆಗಲು ಹೋದವರಿಗೆ ಸಿಕ್ಕಿದ್ದು ಇದು.

ಇಲ್ಲಿ ಮುಖ್ಯ ಪೆಟ್ಲುಪ್ಪು. ಸೌದೆ ಉರಿಯಬೇಕಾದರೆ ಗಾಳಿ ಬೇಕು. ಪೆಟ್ಲುಪ್ಪು ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಅದಕ್ಕೇ ಇದ್ದಿಲು, ಗಂಧಕದ ಜೊತೆ ಅದನ್ನು ಬೆರೆಸಿ ಮುಚ್ಚಿದ ಡಬ್ಬಿಯೊಳಗೆ ಇಟ್ಟರೂ ಉರಿಯುತ್ತದೆ. ಉರಿದಾಗ ಹೊಗೆ, ಬಿಸಿಗಾಳಿ ಒಮ್ಮೆಲೇ ಹಿಗ್ಗುತ್ತವೆ. ಪೆಟ್ಲುಪ್ಪು ಕಡಿಮೆ ಇದ್ದರೆ ಮದ್ದು ಬುಸ್ಸೆಂದು ಉರಿಯುತ್ತದೆ ಅಷ್ಟೆ. ಜಾಸ್ತಿ ಇದ್ದು, ಹೊರಗಿನ ಚಿಪ್ಪೂ ಗಟ್ಟಿ ಇದ್ದರೆ ಸಿಡಿಯುತ್ತದೆ. ಮುಂದಿನ ಮುನ್ನೂರು ವರ್ಷದ ಕತೆಯೆಲ್ಲ ಈ ಎರಡು ಮಾತಿನಲ್ಲೇ ಇದೆ: ಪೆಟ್ಲುಪ್ಪು ಎಷ್ಟು, ಚಿಪ್ಪು ಯಾವುದರದ್ದು.

1044ರಲ್ಲಿ ಸಾಂಗ್ ದೊರೆಯ ಅಪ್ಪಣೆಯಂತೆ ‘ವುಜಿಂಗ್ ತ್ಸುಂಗ್‌ಯಾವ್’ ಅನ್ನುವ ಸೈನ್ಯದ ಕೈಪಿಡಿ ಬರೆಸಿದರು. ಅದರಲ್ಲಿ ಮದ್ದಿನ ಮೂರು ಪಾಕಗಳಿವೆ. ಮದ್ದು ಅರೆಯುವ ಅಳತೆ ಬರೆದಿಟ್ಟ ಪುಸ್ತಕಗಳಲ್ಲಿ ಇದಕ್ಕಿಂತ ಹಳೆಯದು ಸಿಕ್ಕಿಲ್ಲ. ಕವಣೆಯಂತ್ರದಿಂದ ಎಸೆಯುವ ಬೆಂಕಿಯುಂಡೆಯ ಪಾಕ ಹೀಗಿದೆ: ಪೆಟ್ಲುಪ್ಪು 40 ಲಿಯಾಂಗ್ (ಚೀನಾದ ಒಂದು ತೂಕ), ಎರಡು ಬಗೆಯ ಗಂಧಕ ಸೇರಿ 21, ಪೈನ್ ಮರದ ಅಂಟು 14, ಅದರ ಮೇಲೆ ನಾರು, ಒಣಗಿದ ಅರಗು, ಪಾಷಾಣ (ಆರ್ಸೆನಿಕ್ ವಿಷ), ಸೀಸದ ಪುಡಿ, ಮೇಣ, ಎಣ್ಣೆ ಚೂರುಚೂರು. ಲೆಕ್ಕ ಹಾಕಿ ನೋಡಿ, ಪೆಟ್ಲುಪ್ಪು ಅರ್ಧದಷ್ಟು ಮಾತ್ರ ಬರುತ್ತದೆ. ಮುಂದೆ ಕೋವಿ, ತೋಪುಗಳಿಗೆ ಬಳಸಿದ ಮದ್ದಿನಲ್ಲಿ ಅದು ನೂರಕ್ಕೆ 75ರ ಹತ್ತಿರ. ಇದ್ದಿಲು ಬೇರೆಯಾಗಿ ಹಾಕಿಯೇ ಇಲ್ಲ, ನಾರು ಮತ್ತು ಅಂಟೇ ಆ ಕೆಲಸ ಮಾಡಬೇಕು. ಈ ಮುದ್ದೆಯನ್ನು ಐದು ಪದರ ಕಾಗದದಲ್ಲಿ ಸುತ್ತಿ, ನಾರಿನಿಂದ ಬಿಗಿದು, ಮೇಲೆ ಕರಗಿಸಿದ ಅಂಟು ಬಳಿಯಬೇಕು. ಇಂಥ ಉಂಡೆಗಳಿಗೆ ಬತ್ತಿಯೂ ಇರಲಿಲ್ಲ. ಕೆಂಪಗೆ ಕಾಯಿಸಿದ ಕಬ್ಬಿಣದ ಸಲಾಕೆಯಿಂದ ಚುಚ್ಚಿ, ಹೊತ್ತಿಕೊಂಡ ಕೂಡಲೇ ಎಸೆಯುತ್ತಿದ್ದರು. ಇದು ಬಾಂಬ್ ಅಲ್ಲ, ನೀರು ಹಾಕಿದರೂ ಸುಲಭಕ್ಕೆ ಆರದ ಕೆಂಡ. ಹುಲ್ಲಿನ ಮಾಡು, ಮರದ ಅಟ್ಟಣೆ, ಹಡಗಿನ ಹಾಯಿ ಸುಡಲು ಅಷ್ಟು ಸಾಕು.

ಎಸೆಯುವ ಯಂತ್ರವೂ ಆಗ ಮನುಷ್ಯರ ರಟ್ಟೆಯ ಬಲದ್ದು. ಉದ್ದನೆಯ ತೊಲೆ, ಅದರ ಒಂದು ತುದಿಯಲ್ಲಿ ಕಲ್ಲು ಇಡುವ ಜೋಳಿಗೆ, ಇನ್ನೊಂದು ತುದಿಗೆ ಕಟ್ಟಿದ ಹಗ್ಗಗಳು. ಎಲ್ಲರೂ ಒಟ್ಟಿಗೆ ಹಗ್ಗ ಎಳೆದರೆ ಕಲ್ಲು ಹಾರುತ್ತದೆ. ಅದೇ ಕೈಪಿಡಿಯಲ್ಲಿರುವ ಏಳು ತೊಲೆಯ ದೊಡ್ಡ ಯಂತ್ರಕ್ಕೆ 250 ಜನ ಬೇಕು. ಎಸೆಯುವುದು 55–60 ಕಿಲೋ ಕಲ್ಲು, ಅದೂ 50 ಹೆಜ್ಜೆ ದೂರ. ಈ ಯಂತ್ರಕ್ಕೆ ಚೀನಿಯರು ‘ಪಾವ್’ ಅನ್ನುತ್ತಿದ್ದರು. ಆಮೇಲೆ ಅದರಿಂದ ಎಸೆಯುವ ಬಾಂಬಿಗೂ ಅದೇ ಹೆಸರು, ಕೊನೆಗೆ ತೋಪಿಗೂ ಅದೇ ಹೆಸರು. ನೀವು ನೋಡಿದ ಸರಣಿಯ ತೋಪು ಇಂಥ ಗಲಿಬಿಲಿಯಿಂದಲೇ ಬಂದಿರಬಹುದು. ಹಳೆಯ ದಾಖಲೆಯಲ್ಲಿ ‘ಮಂಗೋಲರು ಪಾವ್ ಹೂಡಿದರು’ ಅಂತ ಇದ್ದರೆ ಅದು ನೂರಕ್ಕೆ ತೊಂಬತ್ತು ಪಾಲು ಕಲ್ಲೆಸೆಯುವ ಯಂತ್ರವೇ.

1132ರಲ್ಲಿ ದೆ-ಆನ್ ಅನ್ನುವ ಊರಿಗೆ ಲಿ ಹೆಂಗ್ ಅನ್ನುವ ದಂಡುಕೋರ ಮುತ್ತಿಗೆ ಹಾಕಿದ. ಗೋಡೆಯಷ್ಟೇ ಎತ್ತರದ ಮರದ ಗೋಪುರ ಕಟ್ಟಿ ದಬ್ಬಿಕೊಂಡು ಬಂದ. ಅದರ ಹೆಸರು ಆಕಾಶ ಸೇತುವೆ. ಒಳಗಿದ್ದ ಸಾಂಗ್ ಅಧಿಕಾರಿ ಚೆನ್ ಗುಯಿ ಉದ್ದನೆಯ ಬಿದಿರಿನ ಕೊಳವೆಗಳಿಗೆ ಮದ್ದು ತುಂಬಿಸಿದ. ಒಂದೊಂದನ್ನು ಇಬ್ಬರು ಹಿಡಿಯಬೇಕು. ಹೊತ್ತಿಸಿದರೆ ಬಾಯಿಂದ ಬೆಂಕಿ ಉಗುಳುತ್ತದೆ. ಒಂದು ದಿನ ಅರವತ್ತು ಜನ ಇವನ್ನು ಹಿಡಿದು ಪಶ್ಚಿಮದ ಬಾಗಿಲಿನಿಂದ ಹೊರಗೆ ನುಗ್ಗಿದರು. ಬಾಲಕ್ಕೆ ಬೆಂಕಿ ಹಚ್ಚಿದ ಎತ್ತುಗಳನ್ನೂ ಜೊತೆಗೆ ಬಿಟ್ಟರು. ಸ್ವಲ್ಪ ಹೊತ್ತಿನಲ್ಲೇ ಗೋಪುರ ಬೂದಿಯಾಯಿತು, ಲಿ ಹೆಂಗ್ ಬಿಡಾರ ಕಿತ್ತುಕೊಂಡು ಹೋದ. ಯುದ್ಧದಲ್ಲಿ ಬೆಂಕಿಭರ್ಜಿ ಬಳಸಿದ ಮೊದಲ ಸ್ಪಷ್ಟ ದಾಖಲೆ ಇದು. ಇಂದಿನ ಬಂದೂಕಿನ ಮುತ್ತಜ್ಜ ಈ ಬಿದಿರಿನ ಕೊಳವೆ. ಆದರೆ ಆ ದಿನ ಅದು ಕೊಂದದ್ದು ಗೋಪುರವನ್ನು.

ಆ ಹೊತ್ತಿಗಾಗಲೇ ಮದ್ದಿನ ಗುಟ್ಟು ಸಾಂಗ್ ಕೈ ತಪ್ಪಿತ್ತು. 1076ರಲ್ಲಿ ಅವರು ಪೆಟ್ಲುಪ್ಪು, ಗಂಧಕದ ಖಾಸಗಿ ವ್ಯಾಪಾರವನ್ನೇ ನಿಲ್ಲಿಸಿದ್ದರು. ಏನು ಪ್ರಯೋಜನ? 1126ರಲ್ಲಿ ಜಿನ್ ಸೈನ್ಯ ಕೈಫೆಂಗಿಗೆ ಬಂತು. ಲಿ ಗಾಂಗ್ ಅನ್ನುವ ಮಂತ್ರಿ ರಾತ್ರಿ ಹೊತ್ತು ‘ಸಿಡಿಲು ಬಾಂಬ್’ ಎಸೆಸಿ ಅವರನ್ನು ಗಾಬರಿ ಮಾಡಿದ. ಮೊದಲ ಸಲ ಊರು ಉಳಿಯಿತು. ಎರಡನೇ ಸಲ ಉಳಿಯಲಿಲ್ಲ. ಕೈಫೆಂಗ್ ಜೊತೆ ಅಲ್ಲಿನ ಆಯುಧಶಾಲೆ, ಕೆಲಸಗಾರರು ಎಲ್ಲ ಜಿನ್ ಪಾಲಾದರು.

ಜಿನ್ ಜನ ಇದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಕಾಗದದ ಚಿಪ್ಪಿನ ಬದಲು ಎರಕದ ಕಬ್ಬಿಣದ ಚಿಪ್ಪು. 1221ರಲ್ಲಿ ಅವರು ಸಾಂಗ್ ಊರಾದ ಚಿಝೌಗೆ ಮುತ್ತಿಗೆ ಹಾಕಿದಾಗ ಒಳಗಿದ್ದ ಅಧಿಕಾರಿಯೊಬ್ಬ ಕಣ್ಣಾರೆ ಕಂಡದ್ದನ್ನು ಬರೆದಿಟ್ಟ. ಸೋರೆಬುರುಡೆಯ ಆಕಾರ, ಬಾಯಿ ಚಿಕ್ಕದು, ಎರಕದ ಕಬ್ಬಿಣ ಎರಡು ಅಂಗುಲ ದಪ್ಪ, ಸಿಡಿದರೆ ಕೋಟೆಗೋಡೆಯೇ ಅದುರುತ್ತಿತ್ತು. ಇಲ್ಲಿ ಬಾಂಬ್ ಎಸೆದವರು ಹೊರಗಿನವರು ಅನ್ನುವುದು ನಿಜ. ಆದರೆ ಗೋಡೆ ಅದುರಿತು ಅಂದನೇ ಹೊರತು ಬಿತ್ತು ಅನ್ನಲಿಲ್ಲ. ಗೋಡೆಯ ಮೇಲೆ ನಿಂತ ಜನರೇ ಅದರ ಗುರಿ.

ಈಗ 1232ರ ಕೈಫೆಂಗಿಗೆ ಬರೋಣ. ನನ್ನನ್ನು ಕೇಳಿದರೆ ಈ ಇಡೀ ಕಾಲದಲ್ಲಿ ಕೂತು ಓದಬೇಕಾದ ಮುತ್ತಿಗೆ ಇದೇ. ನೂರು ವರ್ಷದ ಹಿಂದೆ ಈ ಊರನ್ನು ಹೊರಗಿನಿಂದ ಮುತ್ತಿದ್ದ ಜಿನ್ ಜನ ಈಗ ಒಳಗಿದ್ದಾರೆ. ಹೊರಗೆ ಮಂಗೋಲ್ ಸೇನಾಪತಿ ಸುಬುತಾಯ್. ನಮಗೆ ತಿಳಿದಿರುವುದು ಹೆಚ್ಚಾಗಿ ‘ಜಿನ್ ವಂಶದ ಇತಿಹಾಸ’ದಿಂದ. ಅದನ್ನು ಬರೆಸಿದ್ದು ಮುಂದೆ ಬಂದ ಮಂಗೋಲರ ಯುವಾನ್ ಸರ್ಕಾರ. ತಮ್ಮ ಸೈನ್ಯ ಹೆದರಿದ್ದನ್ನೂ ಬಿಡದೆ ಬರೆಸಿದ್ದಾರೆ, ಅದು ಮೆಚ್ಚುವ ವಿಷಯ.

ಮಂಗೋಲರು ಕೋಟೆಯ ಒಂದೊಂದು ಮೂಲೆಗೂ ನೂರಕ್ಕಿಂತ ಜಾಸ್ತಿ ಕಲ್ಲೆಸೆಯುವ ಯಂತ್ರ ನಿಲ್ಲಿಸಿದರು. ಬಿದಿರು ಕಟ್ಟಿ ಮಾಡಿದ ಕೆಲವಕ್ಕೆ ಹದಿಮೂರು ತೊಲೆ. ಕಲ್ಲು ಸಾಲದೆ ಬೀಸುಕಲ್ಲು, ಕಣದ ಗುಂಡುಗಳನ್ನು ಎರಡು ಮೂರು ತುಂಡಾಗಿ ಒಡೆದು ಎಸೆದರು. ಹಗಲು ರಾತ್ರಿ ನಿಲ್ಲಿಸಲಿಲ್ಲ. ಕೆಲವೇ ದಿನದಲ್ಲಿ ಬಿದ್ದ ಕಲ್ಲಿನ ರಾಶಿ ಒಳಗೋಡೆಯ ಎತ್ತರಕ್ಕೆ ಬಂತಂತೆ. ಒಳಗಿನವರೂ ಕಲ್ಲಿಗಾಗಿ ಅರಮನೆ ತೋಟಕ್ಕೆ ಕೈ ಹಾಕಿದರು. ಹಿಂದಿನ ಸಾಂಗ್ ದೊರೆಗಳು ತಾಯ್‌ಹು ಕೆರೆಯಿಂದ, ಲಿಂಗ್‌ಬಿಯಿಂದ ಅಂದಚೆಂದದ ಬಂಡೆಗಳನ್ನು ತರಿಸಿ ಕೃತಕ ಬೆಟ್ಟ ಕಟ್ಟಿಸಿದ್ದರು. ಅವನ್ನು ಒಡೆದು, ತೂಕ ನೋಡಿ, ದೀಪದ ಬುರುಡೆಯ ಹಾಗೆ ದುಂಡಗೆ ಕೆತ್ತಿ ಯಂತ್ರಕ್ಕೆ ಏರಿಸಿದರು.

ಇಷ್ಟಾದರೂ ಗೋಡೆ ಬೀಳಲಿಲ್ಲ. ಚೀನಾದ ಕೋಟೆ ಅಂದರೆ ಚಿತ್ರದುರ್ಗದ ಹಾಗೆ ಕಲ್ಲಿನ ಮೇಲೆ ಕಲ್ಲು ಜೋಡಿಸಿದ್ದಲ್ಲ. ಮಣ್ಣನ್ನು ಪದರ ಪದರವಾಗಿ ಹಾಕಿ ದಿಮ್ಮಿಯಿಂದ ಬಡಿದು ಗಟ್ಟಿ ಮಾಡಿದ ದಿಬ್ಬ. ಕೈಫೆಂಗ್ ಗೋಡೆಯ ಬುಡದ ಅಗಲ ಸುಮಾರು 18 ಮೀಟರ್. ಸುಮಾರು ಮುನ್ನೂರು ವರ್ಷದ ಹಿಂದೆ ಶಿಝೋಂಗ್ ದೊರೆ ಹುಲಾವ್ ಕಡೆಯ ಮಣ್ಣು ತರಿಸಿ ಕಟ್ಟಿಸಿದ್ದು, ಕಬ್ಬಿಣದಷ್ಟು ಗಟ್ಟಿ, ಕಲ್ಲು ಬಿದ್ದರೆ ಬರೀ ಗುಳಿ ಬೀಳುತ್ತಿತ್ತು ಅಂತ ಊರಿನ ಹಿರಿಯರು ಹೇಳುತ್ತಿದ್ದರಂತೆ. ಇಂಥ ಗೋಡೆಗೆ ಆಮೇಲಿನ ಕಾಲದ ನಿಜವಾದ ತೋಪು ಹೊಡೆದರೂ ಮಣ್ಣು ಗುಂಡನ್ನು ನುಂಗುತ್ತದೆ.

ಆದ್ದರಿಂದ ಮಂಗೋಲರು ಗೋಡೆಯ ಬುಡಕ್ಕೇ ಬಂದರು. ಹಸುವಿನ ಚರ್ಮದ ಗಟ್ಟಿ ಮಾಡು ಹೊದ್ದುಕೊಂಡು ಗೋಡೆ ತನಕ ಬಂದು, ಬುಡದಲ್ಲಿ ಒಬ್ಬ ಮನುಷ್ಯ ಕೂರುವಷ್ಟು ಗೂಡುಗಳನ್ನು ತೋಡಿದರು. ಮೇಲಿಂದ ಬಾಣ ಬಿಟ್ಟರೆ ತಾಗದು, ಕಲ್ಲು ಹಾಕಿದರೆ ಚರ್ಮ ತಡೆಯುತ್ತದೆ. ಆಗ ಒಳಗಿನವರಲ್ಲಿ ಒಬ್ಬ ಉಪಾಯ ಹೇಳಿದ. ‘ಆಕಾಶ ನಡುಗಿಸುವ ಗುಡುಗು’ ಅನ್ನುವ ಕಬ್ಬಿಣದ ಬಾಂಬನ್ನು ಸರಪಳಿಗೆ ಕಟ್ಟಿ ಗೋಡೆಯ ಮೇಲಿಂದ ಸೀದಾ ಆ ಗೂಡಿನ ಬಾಯಿಗೆ ಇಳಿಸಿದರು. ಹಗ್ಗ ಆಗಿದ್ದರೆ ಬೆಂಕಿಗೆ ಸುಟ್ಟುಹೋಗುತ್ತಿತ್ತು, ಅದಕ್ಕೇ ಸರಪಳಿ ಇರಬೇಕು. ಸಿಡಿದಾಗ ಮನುಷ್ಯ, ಹಸುವಿನ ಚರ್ಮ ಎರಡೂ ಚೂರುಚೂರಾಗಿ ಗುರುತೇ ಉಳಿಯಲಿಲ್ಲ ಅಂತ ಇತಿಹಾಸ ಹೇಳುತ್ತದೆ. ಅದರ ಸದ್ದು ನೂರು ಲಿ, ಅಂದರೆ ಐವತ್ತು ಕಿಲೋಮೀಟರ್ ಕೇಳುತ್ತಿತ್ತು ಅನ್ನುವುದನ್ನು ಸ್ವಲ್ಪ ಕಡಿಮೆ ಮಾಡಿಕೊಂಡು ಓದಿ. ಆದರೆ ಅರ್ಧ ಮೂ ಜಾಗ, ನಮ್ಮ ಲೆಕ್ಕದಲ್ಲಿ ಎರಡೂವರೆ ಮೂರು ಗುಂಟೆ, ಸುಡುತ್ತಿತ್ತು, ಚೂರುಗಳು ಕಬ್ಬಿಣದ ಕವಚವನ್ನೂ ತೂರುತ್ತಿದ್ದವು ಅನ್ನುವುದನ್ನು ನಂಬಬಹುದು.

ಇನ್ನೊಂದು ಆಯುಧ ಹಾರುವ ಬೆಂಕಿಭರ್ಜಿ. ಹತ್ತು ಹೆಜ್ಜೆಗೂ ಮುಂದಕ್ಕೆ ಜ್ವಾಲೆ ಚಾಚುತ್ತಿತ್ತು, ಯಾರೂ ಹತ್ತಿರ ಬರುತ್ತಿರಲಿಲ್ಲ. ಉತ್ತರದ ಸೈನ್ಯ, ಅಂದರೆ ಮಂಗೋಲರು, ಹೆದರಿದ್ದು ಈ ಎರಡಕ್ಕೆ ಮಾತ್ರ ಅನ್ನುವುದು ಅದೇ ಇತಿಹಾಸದ ಮಾತು. ಅದನ್ನು ಮಾಡುವ ಬಗೆಯನ್ನೂ ಬರೆದಿಟ್ಟಿದ್ದಾರೆ. ಹಳದಿ ಗಟ್ಟಿ ಕಾಗದ ಹದಿನಾರು ಪದರ ಸುತ್ತಿ ಎರಡು ಅಡಿ ಉದ್ದದ ಕೊಳವೆ ಮಾಡಬೇಕು. ಒಳಗೆ ವಿಲೋ ಮರದ ಇದ್ದಿಲು, ಕಬ್ಬಿಣದ ಚೂರು, ಗಂಧಕ, ಪಾಷಾಣ ಮೊದಲಾದವನ್ನು ತುಂಬಬೇಕು. ಕೊಳವೆಯನ್ನು ಭರ್ಜಿಯ ತುದಿಗೆ ಹಗ್ಗದಿಂದ ಬಿಗಿಯಬೇಕು. ಪ್ರತಿ ಸೈನಿಕನ ಸೊಂಟದಲ್ಲಿ ಕೆಂಡ ಇಟ್ಟ ಪುಟ್ಟ ಕಬ್ಬಿಣದ ಕುಡಿಕೆ. ಮದ್ದು ಮುಗಿದರೂ ಕೊಳವೆ ಹಾಳಾಗದು. ಆಮೇಲೆ ಭರ್ಜಿ ಇದ್ದೇ ಇದೆ, ತಿವಿಯಬಹುದು. 1233ರಲ್ಲಿ ಪುಚಾ ಗುವಾನ್ನು ಅನ್ನುವ ಜಿನ್ ನಾಯಕ ಗುಯಿದೆ ಊರಿನಿಂದ 450 ಜನರನ್ನು ರಾತ್ರಿ ದೋಣಿಯಲ್ಲಿ ಕರೆದುಕೊಂಡು ಹೋಗಿ ಮಂಗೋಲ್ ಬಿಡಾರಕ್ಕೆ ಇವುಗಳಿಂದ ದಾಳಿ ಮಾಡಿದ. ದಿಕ್ಕೆಟ್ಟು ನೀರಿಗೆ ಬಿದ್ದು ಸತ್ತವರೇ 3500 ಜನ ಅಂತ ದಾಖಲೆ.

ಹಾಗಿದ್ದೂ ಜಿನ್ ಸೋತರಲ್ಲ, ಯಾಕೆ? ಕೈಫೆಂಗಿನ ಮೇಲೆ ಮಂಗೋಲರು ಹದಿನಾರು ದಿನ ಬಿಡದೆ ದಾಳಿ ಮಾಡಿ, ಸಾಧ್ಯವಾಗದೆ ಸಂಧಿ ಮಾತು ಆಡಿ ಹಿಂದೆ ಸರಿದರು. ಅಲ್ಲಿಗೆ ಮದ್ದು ಗೆದ್ದಂತೆಯೇ. ಆಮೇಲೆ ಊರೊಳಗೆ ರೋಗ ಬಂತು, ಅನ್ನ ಮುಗಿಯಿತು. ದೊರೆ ಊರು ಬಿಟ್ಟು ಹೋದ. ಉಳಿದವರಲ್ಲಿ ಸುಯಿ ಲಿ ಅನ್ನುವ ಅಧಿಕಾರಿ ಅಧಿಕಾರ ಕಿತ್ತುಕೊಂಡು 1233ರಲ್ಲಿ ಬಾಗಿಲು ತೆರೆದ. ಗೋಡೆ ಆಗಲೂ ನಿಂತೇ ಇತ್ತು. ಬಾಂಬಿಗೆ ಹಸಿವು ನೀಗಿಸಲು ಆಗದು, ಸ್ವಂತದವರ ದ್ರೋಹ ತಡೆಯಲೂ ಆಗದು.

ಇನ್ನು ಮಂಗೋಲರ ಕಡೆ. ಕುದುರೆ ಮೇಲೆ ಬಂದವರು ಅಂದಿರಿ. ಬಂದದ್ದು ಹಾಗೇ, ನಿಜ. ಆದರೆ ಕೋಟೆಯ ಮುಂದೆ ಕುದುರೆಗೆ ಕೆಲಸ ಇಲ್ಲ ಅನ್ನುವುದು ಅವರಿಗೆ ಬಹಳ ಬೇಗ ತಿಳಿಯಿತು. ಊರು ಹಿಡಿಯಲು ಮೊದಲು ಏನು ಬೇಕು ಅಂತ ಚೆಂಗೀಸ್ ಖಾನ್ ಕೇಳಿದಾಗ ಅಂಬುಗಾಯ್ ಅನ್ನುವ ಮಂಗೋಲ ‘ಯಂತ್ರದ ಕಲ್ಲು, ಅದಕ್ಕೆ ಬಲ ಜಾಸ್ತಿ, ದೂರವೂ ಹೋಗುತ್ತದೆ’ ಅಂದನಂತೆ. ಖಾನ್ 1214ರಲ್ಲಿ ಅವನನ್ನೇ ಆ ಪಡೆಯ ಮುಖ್ಯಸ್ಥನನ್ನಾಗಿ ಮಾಡಿ ಐನೂರು ಜನರಿಗೆ ಕಲಿಸಲು ಹೇಳಿದ. ಊರು ಹಿಡಿದಾಗ ಬಡಗಿ, ಕಮ್ಮಾರ, ಯಂತ್ರ ಬಲ್ಲವರನ್ನು ಬೇರೆ ನಿಲ್ಲಿಸಿ ಜೀವ ಉಳಿಸಿ ಜೊತೆಗೆ ಒಯ್ಯುವುದು ಅವರ ರೂಢಿ. ಇದು ದಯೆಯಲ್ಲ, ಲೆಕ್ಕಾಚಾರ. ನನ್ನ ಪ್ರಕಾರ ಮಂಗೋಲರ ನಿಜವಾದ ಆಯುಧ ಇದೇ.

ಸಾಂಗ್ ಕಡೆಯವರು ಸೋತರು ಅನ್ನುವ ಮುಂಚೆ ಅವರು ಎಷ್ಟು ವರ್ಷ ತಡೆದರು ನೋಡಿ. ಮಧ್ಯ ಏಷ್ಯಾದ ಖ್ವಾರಜ್ಮ್ ಸಾಮ್ರಾಜ್ಯ ಎರಡು ಮೂರು ವರ್ಷದಲ್ಲಿ ಮುಗಿದುಹೋಯಿತು. ಸಾಂಗ್ ರಾಜ್ಯಕ್ಕೆ ನಲವತ್ತನಾಲ್ಕು ವರ್ಷ ಬೇಕಾಯಿತು. ಮಧ್ಯೆ ಮಂಗೋಲರ ದೊರೆ ಮೋಂಗ್ಕೆ ಖಾನ್ 1259ರಲ್ಲಿ ದಿಯಾವ್‌ಯು ಅನ್ನುವ ಬೆಟ್ಟದ ಕೋಟೆಯ ಮುತ್ತಿಗೆ ನಡೆಯುತ್ತಿರುವಾಗಲೇ ಸತ್ತ. ನದಿಗಳು, ದಪ್ಪ ಗೋಡೆಗಳು, ಹಡಗುಗಳು ಇವರಿಗೆ ನೆರವಾದವು. ಮದ್ದಿನ ಪಾಲೂ ಇದೆ.

ಎಷ್ಟು ಮದ್ದು ಅನ್ನುವುದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. 1257ರಲ್ಲಿ ಲಿ ತ್ಸೆಂಗ್‌ಬೊ ಅನ್ನುವ ಅಧಿಕಾರಿ ದಕ್ಷಿಣದ ಜಿಂಗ್‌ಜಿಯಾಂಗ್, ಅಂದರೆ ಇಂದಿನ ಗುಯಿಲಿನ್ ಊರಿನ ಉಗ್ರಾಣ ನೋಡಲು ಹೋದ. ಸಿಕ್ಕಿದ್ದು ದೊಡ್ಡದು ಚಿಕ್ಕದು ಸೇರಿ 85 ಕಬ್ಬಿಣದ ಬಾಂಬ್, 95 ಬೆಂಕಿಬಾಣ, 105 ಬೆಂಕಿಭರ್ಜಿ. ಅವನಿಗೆ ಸಿಟ್ಟು ಬಂತು. ಸಾವಿರ ಜನ ಇರಲಿ, ನೂರು ಜನ ಬಂದರೂ ಇದು ಸಾಲದು ಅಂತ ಬರೆದ. ತಾನು ಜಿಂಗ್‌ಝೌದಲ್ಲಿದ್ದಾಗ ತಿಂಗಳಿಗೆ ಒಂದೆರಡು ಸಾವಿರ ಕಬ್ಬಿಣದ ಬಾಂಬ್ ಮಾಡುತ್ತಿದ್ದೆವು, ಗಡಿಯ ಊರುಗಳಿಗೆ ಒಮ್ಮೆಗೆ ಹತ್ತಿಪ್ಪತ್ತು ಸಾವಿರ ಕಳಿಸುತ್ತಿದ್ದೆವು ಅಂತಲೂ ಬರೆದ. ತಿಂಗಳಿಗೆ ಸಾವಿರ ಎರಕದ ಬಾಂಬ್ ಅಂದರೆ ಅದು ಕಾರ್ಖಾನೆಯೇ ಅಲ್ವಾ? ಹಣ, ಕಬ್ಬಿಣ, ಪೆಟ್ಲುಪ್ಪು ಒಂದೇ ಸಮನೆ ಬರುತ್ತಿರಬೇಕು. ಒಂದು ಊರಲ್ಲಿ ಉಗ್ರಾಣ ತುಂಬಿ ಇನ್ನೊಂದರಲ್ಲಿ ಖಾಲಿ ಇದ್ದರೆ ರಾಜ್ಯ ಉಳಿಯದು.

ಸಾಂಗ್ ಬೀಗ ಕಳಚಿದ್ದು ಶಿಯಾಂಗ್‌ಯಾಂಗ್‌ನಲ್ಲಿ. ಹಾನ್ ನದಿಯ ಎರಡು ದಡದಲ್ಲಿ ಶಿಯಾಂಗ್‌ಯಾಂಗ್, ಫಾನ್‌ಚೆಂಗ್ ಅನ್ನುವ ಜೋಡಿ ಊರು. ಮಂಗೋಲರು ಐದು ವರ್ಷ ಸುತ್ತುಗಟ್ಟಿದರು. 1272ರಲ್ಲಿ ಝಾಂಗ್ ಶುನ್, ಝಾಂಗ್ ಗುಯಿ ಅನ್ನುವ ಇಬ್ಬರು ಸಾಂಗ್ ನಾಯಕರು ನೂರು ದೋಣಿಗಳಲ್ಲಿ ಮೂರು ಸಾವಿರ ಜನರನ್ನು ತುಂಬಿಕೊಂಡು ನದಿಯಲ್ಲಿ ನುಗ್ಗಿದರು. ದೋಣಿಗಳಲ್ಲಿ ಬೆಂಕಿಭರ್ಜಿ, ಬಾಂಬ್, ಕೆಂಡ, ಕೊಡಲಿ, ಬಿಲ್ಲು. ನದಿಗೆ ಅಡ್ಡ ಹಾಕಿದ್ದ ಸರಪಳಿ ಕಡಿದುಕೊಂಡು ಊರು ಸೇರಿಯೇಬಿಟ್ಟರು. ಝಾಂಗ್ ಶುನ್ ದಾರಿಯಲ್ಲೇ ಸತ್ತ. ಝಾಂಗ್ ಗುಯಿ ಹೊರಗಿನ ಸೈನ್ಯದ ಜೊತೆ ಸೇರಲು ಮತ್ತೆ ಹೊರಟಾಗ ಸತ್ತ.

ಊರು ಬಿದ್ದದ್ದು ಮದ್ದಿನಿಂದಲ್ಲ, ಕಲ್ಲಿನಿಂದ. ಕುಬ್ಲಾಯ್ ಖಾನ್ ಪರ್ಷಿಯಾದಲ್ಲಿ ಆಳುತ್ತಿದ್ದ ತನ್ನ ಅಣ್ಣತಮ್ಮಂದಿರ ಮನೆಯ ಅಬಾಕನಿಗೆ ಹೇಳಿ ಕಳಿಸಿ ಇಸ್ಮಾಯಿಲ್, ಅಲಾಉದ್ದೀನ್ ಅನ್ನುವ ಇಬ್ಬರು ಯಂತ್ರ ಬಲ್ಲವರನ್ನು ಕರೆಸಿಕೊಂಡ. ಅವರು ಕಟ್ಟಿದ್ದು ಹೊಸ ಬಗೆಯ ಯಂತ್ರ. ನಮ್ಮ ಬಾವಿಯ ಏತ ನೋಡಿದವರಿಗೆ ಅದನ್ನು ವಿವರಿಸುವುದೇ ಬೇಡ: ಒಂದು ತುದಿಗೆ ಹೊರಲಾರದ ಭಾರ, ಅದು ಕೆಳಗೆ ಇಳಿದಾಗ ಇನ್ನೊಂದು ತುದಿ ಮೇಲಕ್ಕೆ. ಇನ್ನೂರೈವತ್ತು ಜನ ಹಗ್ಗ ಎಳೆಯುವ ಕೆಲಸ ಹೋಯಿತು. ಜನರ ಎಳೆತ ಒಂದೊಂದು ಸಲ ಒಂದೊಂದು ಥರ, ಭಾರ ಮಾತ್ರ ಪ್ರತಿ ಸಲವೂ ಅಷ್ಟೇ. ಅದಕ್ಕೇ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆಯಬಹುದು. ಚೀನಾದ ತೂಕದಲ್ಲಿ 150 ಜಿನ್, ಅಂದರೆ 90 ಕಿಲೋ ಮೀರಿದ ಕಲ್ಲು ಬಿದ್ದಾಗ ನೆಲ ಅದುರಿ ಏಳು ಅಡಿ ಕುಳಿ ಬಿತ್ತು ಅಂತ ಯುವಾನ್ ಇತಿಹಾಸ ಹೇಳುತ್ತದೆ. 1273ರ ಮೊದಲಲ್ಲಿ ಫಾನ್‌ಚೆಂಗ್ ಬಿತ್ತು. ಕಲ್ಲು ಶಿಯಾಂಗ್‌ಯಾಂಗ್ ಕಡೆ ತಿರುಗಿದಾಗ ನಾಯಕ ಲು ವೆನ್‌ಹುವಾನ್ ಶರಣಾದ. ಈ ಯಂತ್ರ ಕಟ್ಟಿಸಿದ್ದು ನಾವೇ ಅಂತ ಮಾರ್ಕೊ ಪೋಲೊ ಹೇಳಿಕೊಂಡಿದ್ದಾನೆ. ಅವನು ಕುಬ್ಲಾಯ್ ಆಸ್ಥಾನ ಮುಟ್ಟಿದ್ದು 1275ರ ಹೊತ್ತಿಗೆ. ಸುಮ್ನೆ ನಕ್ಕು ಬಿಟ್ಟುಬಿಡಿ.

ಲಿ ತ್ಸೆಂಗ್‌ಬೊ ಸಿಟ್ಟು ಮಾಡಿಕೊಂಡಿದ್ದ ಅದೇ ಗುಯಿಲಿನ್ ಸುಮಾರು ಇಪ್ಪತ್ತು ವರ್ಷದ ಮೇಲೆ, 1276–77ರ ಚಳಿಗಾಲದಲ್ಲಿ ಬಿತ್ತು. ಊರು ಹೋದ ಮೇಲೂ ಲೋ ಅನ್ನುವ ಅಧಿಕಾರಿ 250 ಜನರ ಜೊತೆ ಒಳಗೋಡೆಯ ಹಿಂದೆ ಉಳಿದ. ಹತ್ತು ದಿನ ಕಳೆದ ಮೇಲೆ ಗೋಡೆ ಹತ್ತಿ ‘ಹಸಿವಿನಿಂದ ನಡೆಯಲೂ ಆಗುತ್ತಿಲ್ಲ, ಊಟ ಕೊಟ್ಟರೆ ಬಂದು ಶರಣಾಗುತ್ತೇವೆ’ ಅಂದ. ಮಂಗೋಲರ ಕಡೆಯವರು ಕೆಲವು ಎತ್ತು, ಅಕ್ಕಿ ಕಳಿಸಿದರು. ಎತ್ತರದಲ್ಲಿ ನಿಂತು ನೋಡಿದರೆ ಒಳಗಿನವರು ಮಾಂಸ ಬೇಯುವ ಮೊದಲೇ ತಿಂದು ಮುಗಿಸುತ್ತಿದ್ದರು. ಆಮೇಲೆ ಕಹಳೆ, ನಗಾರಿ ಬಾರಿಸಿದರು. ಹೊರಗಿನವರು ಕವಚ ತೊಟ್ಟು ಕಾದರು. ಲೋ ಒಂದು ದೊಡ್ಡ ಬಾಂಬಿಗೆ ಬೆಂಕಿ ಕೊಡಿಸಿದ. ಗೋಡೆ ಕುಸಿಯಿತು, ಹೊರಗೆ ನಿಂತವರಲ್ಲೂ ಎಷ್ಟೋ ಜನ ಸತ್ತರು. ಒಳಗೆ ಹೋದವರಿಗೆ ಬೂದಿ ಬಿಟ್ಟು ಬೇರೆ ಏನೂ ಸಿಗಲಿಲ್ಲ.

ಗೆದ್ದವರಿಗೆ ಮದ್ದು ಸಿಕ್ಕಿತು, ಅದನ್ನು ಸಂಭಾಳಿಸುವ ಬುದ್ಧಿ ಕೂಡಲೇ ಸಿಗಲಿಲ್ಲ. 1280ರಲ್ಲಿ ಯಾಂಗ್‌ಝೌ ಆಯುಧಶಾಲೆಯ ಹಳೆಯ ದಕ್ಷಿಣದ ಕೆಲಸಗಾರರನ್ನು ಕಳ್ಳತನದ ಆರೋಪ ಹೊರಿಸಿ ತೆಗೆದುಹಾಕಿ ಉತ್ತರದವರನ್ನು ಹಾಕಿದರು. ಅವರಿಗೆ ಮದ್ದಿನ ಸ್ವಭಾವ ಗೊತ್ತಿರಲಿಲ್ಲ. ಗಂಧಕ ಅರೆಯುವಾಗ ಕಿಡಿ ಹಾರಿತು, ಅದು ಬೆಂಕಿಭರ್ಜಿಗಳಿಗೆ ತಗುಲಿತು, ಅಲ್ಲಿಂದ ಬಾಂಬ್ ಉಗ್ರಾಣಕ್ಕೆ. ನೂರು ಕಾವಲುಗಾರರು ಸತ್ತರು. ತೊಲೆಗಳು ಹತ್ತು ಲಿ ದೂರ ಹೋಗಿ ಬಿದ್ದವು ಅಂತ ಆಗಿನವರು ಬರೆದಿದ್ದಾರೆ.

ಅಷ್ಟರಲ್ಲಿ ಬೆಂಕಿಭರ್ಜಿ ನಿಧಾನವಾಗಿ ಬಂದೂಕಾಗುತ್ತಿತ್ತು. ಮೊದಲು ಕೊಳವೆಯಿಂದ ಬೆಂಕಿ ಮಾತ್ರ. ಆಮೇಲೆ ಬೆಂಕಿಯ ಜೊತೆ ಚೂರುಗಳು. 1259ರಲ್ಲಿ ಶೌಚುನ್‌ನಲ್ಲಿ ದಪ್ಪ ಬಿದಿರಿಗೆ ಮದ್ದಿನ ಜೊತೆ ಗುಂಡಿನಂಥದ್ದನ್ನೂ ತುಂಬಿದರು. ಬೆಂಕಿ ಮುಗಿದ ಮೇಲೆ ಅದು ಹಾರುತ್ತಿತ್ತು, ಸದ್ದು 150 ಹೆಜ್ಜೆ ಆಚೆ ಕೇಳುತ್ತಿತ್ತು. ಪೆಟ್ಲುಪ್ಪು ಹೆಚ್ಚಿದಂತೆ ಬಿದಿರು ತಡೆಯಲಿಲ್ಲ, ಕಂಚು ಬಂತು. 1970ರಲ್ಲಿ ಹೆಯ್‌ಲಾಂಗ್‌ಜಿಯಾಂಗ್ ಪ್ರಾಂತದಲ್ಲಿ ಸಿಕ್ಕ ಮೂರೂವರೆ ಕಿಲೋ ಕೈಕೋವಿ 1288ರ ಹೊತ್ತಿನದು ಅನ್ನುತ್ತಾರೆ. ಅಲ್ಲಿ ಕುಬ್ಲಾಯ್ ಸೈನ್ಯ ನಾಯನ್ ಅನ್ನುವ ದಾಯಾದಿಯ ಕಡೆಯವರ ಮೇಲೆ ಹೋರಾಡಿತ್ತು. ನೂರು ವರ್ಷ ಆದ ಮೇಲೂ ಗೋಡೆಯ ಕತೆ ಬದಲಾಗಲಿಲ್ಲ. 1366–67ರಲ್ಲಿ ಮುಂದೆ ಮಿಂಗ್ ದೊರೆಯಾದ ಝು ಯುವಾನ್‌ಝಾಂಗ್‌ನ ಸೈನ್ಯ ಸುಝೌ ಊರಿನ ಸುತ್ತ ಸುಮಾರು 2400 ಕೋವಿ, ಪುಟ್ಟ ತೋಪು ಹೂಡಿತು. ಆದರೂ ಊರು ಹತ್ತು ತಿಂಗಳು ನಿಂತಿತು.

ಕೊನೆಯದಾಗಿ ಪಶ್ಚಿಮ. ಕುಬ್ಲಾಯ್ ಖಾನನ ತಮ್ಮ ಹುಲಗು ಖಾನ್ 1253ರಲ್ಲಿ ಪರ್ಷಿಯಾ ಕಡೆ ಹೊರಟಾಗ ಚೀನಾದ ಯಂತ್ರದವರ ಸಾವಿರ ಕುಟುಂಬ ಅವನ ಜೊತೆ ಹೋಯಿತು ಅಂತ ಪರ್ಷಿಯಾದ ಇತಿಹಾಸಕಾರ ಜುವೈನಿ ಬರೆದಿದ್ದಾನೆ. ಅವನು ಹುಲಗುವಿನ ಆಸ್ಥಾನದಲ್ಲೇ ಇದ್ದವನು. ಆದರೆ 1258ರ ಬಾಗ್ದಾದ್ ಮುತ್ತಿಗೆಯ ಬರಹಗಳಲ್ಲಿ ಎದ್ದು ಕಾಣುವುದು ಕಲ್ಲಿನ ಪರದಾಟ. ಅಲ್ಲಿನ ಬಯಲಲ್ಲಿ ಕಲ್ಲೇ ಇಲ್ಲ. ಜಲೂಲಾ, ಹಮ್ರಿನ್ ಗುಡ್ಡದಿಂದ ತರಿಸಿದರು, ಸಾಲದೆ ಖರ್ಜೂರದ ಮರ ಕಡಿದು ಎಸೆದರು. ಇದರಲ್ಲಿ ಸಿಡಿಮದ್ದನ್ನು ಕಂಡೇ ಕಾಣುತ್ತೇವೆ ಅನ್ನುವವರ ವಾದ ನನಗೆ ಗಟ್ಟಿ ಅನ್ನಿಸಿಲ್ಲ. ಇತ್ತ ಪೆಟ್ಲುಪ್ಪಿನ ಪರಿಚಯ ಅರಬ್ಬರಿಗೆ ಅದಕ್ಕೂ ಮುಂಚೆಯೇ ಇತ್ತು. 1248ರಲ್ಲಿ ತೀರಿಕೊಂಡ ವೈದ್ಯ ಇಬ್ನ್ ಅಲ್-ಬೈತಾರ್ ಅದನ್ನು ‘ಚೀನಾದ ಹಿಮ’ ಅಂದಿದ್ದ. ಸಿರಿಯಾದ ಹಸನ್ ಅಲ್-ರಮ್ಮಾಹ್ 1280ರ ಆಸುಪಾಸಿನಲ್ಲಿ ಅದನ್ನು ಶುದ್ಧ ಮಾಡುವ ಬಗೆ, ಮದ್ದಿನ ಹತ್ತಾರು ಪಾಕ, ‘ಚೀನಾದ ಬಾಣ’ ಎಲ್ಲವನ್ನೂ ಬರೆದಿಟ್ಟ. ಯುರೋಪಿನಲ್ಲಿ ತೋಪಿನ ಮೊದಲ ಚಿತ್ರ ಕಾಣುವುದು 1326ರಲ್ಲಿ. ಅಂದರೆ ಮಂಗೋಲರು ಹೆಗಲ ಮೇಲೆ ಹೊತ್ತು ತಂದು ಕೊಟ್ಟರು ಅನ್ನುವುದಕ್ಕಿಂತ, ಅವರು ತೆರೆದ ದಾರಿಯಲ್ಲಿ ವ್ಯಾಪಾರಿಗಳು, ಕೆಲಸಗಾರರು, ವೈದ್ಯರು ಓಡಾಡಿದಾಗ ಅದೂ ಜೊತೆಗೆ ಬಂತು ಅನ್ನುವುದೇ ಹೆಚ್ಚು ಸರಿ. ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ಇಸ್ಮಾಯಿಲನ ಕಲ್ಲಿನ ಯಂತ್ರ ಹೋಯಿತು, ಮತ್ತು ಶಿಯಾಂಗ್‌ಯಾಂಗ್ ಬಿದ್ದದ್ದು ಅದರಿಂದಲೇ.